ಅಡ್ಡಗೆರೆಯ ಏಳು

ಕೊಚ್ಚಿಯ ಕಾಲೇಜಿನಿಂದ ಬಂದ ಪತ್ರದಲ್ಲಿ ಒಂದೇ ಒಂದು ಸಾಲನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು: ಈ ಗಣಿತ ಪರೀಕ್ಷೆಗೆ ದಯವಿಟ್ಟು ತಯಾರಿ ಮಾಡಿಕೊಂಡು ಬರಬೇಡಿ.

ಸೀಟು ಆಗಲೇ ಸಿಕ್ಕಿತ್ತು. ಇದು ಪಾಸು ಫೇಲಿನ ಪರೀಕ್ಷೆಯಲ್ಲ. ಹೊಸದಾಗಿ ಸೇರಿದವರಿಗೆ ನಿಜವಾಗಿ ಎಷ್ಟು ಗೊತ್ತಿದೆ ಎಂದು ನೋಡಿ, ಎರಡು ತರಗತಿಗಳಲ್ಲಿ ಯಾವುದರಲ್ಲಿ ಕೂರಿಸಬೇಕೆಂದು ತೀರ್ಮಾನಿಸುವ ಪರೀಕ್ಷೆ. ಗೊತ್ತಿದ್ದವರು ನೇರವಾಗಿ ಮೊದಲ ವರ್ಷದ ಗಣಿತಕ್ಕೆ. ಉಳಿದವರು ಬ್ರಿಡ್ಜ್ ಕ್ಲಾಸಿಗೆ, ಪ್ಲಸ್ ಟು ಪಾಠವನ್ನು ಬುಡದಿಂದ ಮತ್ತೆ ಕಲಿಯಲು. ಬ್ರಿಡ್ಜಿಗೆ ಬಿದ್ದವರಿಗೆ ಆ ವರ್ಷ ಖಗೋಳಶಾಸ್ತ್ರದ ಪೇಪರ್ ಇಲ್ಲ ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ಪಾವನಾ ಆ ಕಾಲೇಜನ್ನು ಆರಿಸಿಕೊಂಡಿದ್ದೇ ಆ ಪೇಪರಿಗಾಗಿ.

ಅವಳ ಅಪ್ಪ ಧರಣೇಂದ್ರ ದಪ್ಪಕ್ಷರದ ಸಾಲನ್ನು ಎರಡು ಸಲ ಓದಿ ನಕ್ಕುಬಿಟ್ಟರು.

"ಹಂಗೆ ಬರೀತಾರೆ ಕಣೇ. ತಯಾರಿ ಬೇಡ ಅಂದ್ರೆ ಯಾರು ಸುಮ್ನೆ ಕೂತಿರ್ತಾರೆ? ಇಡೀ ಕೇರಳದಲ್ಲಿ ನೀನೊಬ್ಬಳೇ ಹರಿಶ್ಚಂದ್ರನ ಮೊಮ್ಮಗಳಾಗ್ಬೇಕಾ?"

"ಅಪ್ಪಾ, ಇಟ್ಸ್ ನಾಟ್ ಆನ್ ಎಂಟ್ರನ್ಸ್."

"ಪರೀಕ್ಷೆ ಅಂದ್ಮೇಲೆ ಪರೀಕ್ಷೆ."

ಧರಣೇಂದ್ರ ಹಾಸನದ ಕಡೆಯವರು. ತುಂಬಾ ಎಂಬಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇಂಜಿನಿಯರ್. ಒಂದು ತಿರುಪನ್ನೂ ಮೂರು ಸಲ ಪರಿಶೀಲಿಸದೆ ಮೇಲೆ ಕಳಿಸದ ಕಡೆ ಕೆಲಸ ಮಾಡಿದವರಿಗೆ, ಮಗಳನ್ನು ಹಾಗೇ ಕಳಿಸಿಬಿಡುವುದು ಊಹೆಗೂ ಮೀರಿದ್ದು. ಪಾವನಾ ಹೆಚ್ಚು ವಾದಿಸಲಿಲ್ಲ. ಪ್ಲಸ್ ಟುವಿನಲ್ಲಿ ಅವಳಿಗೆ ಗಣಿತದಲ್ಲಿ ತೊಂಬತ್ತೊಂದು ಬಂದಿತ್ತು. ಅದರಲ್ಲಿ ಎಷ್ಟು ಬಾಯಿಪಾಠ, ಎಷ್ಟು ತಿಳಿವಳಿಕೆ ಎನ್ನುವುದು ಅವಳಿಗೆ ಮಾತ್ರ ಗೊತ್ತಿತ್ತು.

ಪರೀಕ್ಷೆಗೆ ಆರು ವಾರ ಇರುವಾಗ ಧರಣೇಂದ್ರ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಶ್ರೀಕಾರ್ಯಂನಲ್ಲಿದ್ದ ಇಂದುಮತಿ ಟೀಚರ ಮನೆಗೆ ಹೋದರು. ಟೀಚರ್ ಮೈಸೂರಿನವರು. ಗಂಡ ಶ್ರೀಕಾರ್ಯಂನ ಗೆಡ್ಡೆಗೆಣಸು ಸಂಶೋಧನಾ ಕೇಂದ್ರದಲ್ಲಿದ್ದರು, ತೀರಿಕೊಂಡು ಬಹಳ ವರ್ಷವಾಗಿತ್ತು. ಟೀಚರ್ ಒಬ್ಬರೇ ಇದ್ದುಕೊಂಡು ಗಣಿತ ಹೇಳಿಕೊಡುತ್ತಿದ್ದರು, ಒಂದು ಸಲಕ್ಕೆ ಒಂದೇ ಮಗುವಿಗೆ. ಅವರ ಬಳಿ ಕಲಿತವರು ಯಾವ ಪರೀಕ್ಷೆಯಲ್ಲೂ ಕೆಳಗೆ ಬಿದ್ದದ್ದಿಲ್ಲ ಎಂದು ಕನ್ನಡ ಸಂಘದವರೆಲ್ಲ ಹೇಳುತ್ತಿದ್ದರು.

ಟೀಚರ್ ಪಾವನಾಳ ಮುಖವನ್ನು ನೋಡಲೇ ಇಲ್ಲ. ಅವಳ ಬಲಗೈಯನ್ನು ತಮ್ಮ ಅಂಗೈ ಮೇಲಿಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿದರು.

"ಮೆತ್ತಗಿದೆ. ಕಲಿಯುತ್ತೆ," ಎಂದರು.

"ಟೀಚರ್, ನನಗೆ ಕೆಲವು ಬೇಸಿಕ್ಸೇ—"

"ಅಕ್ಷರ ಹೇಗೆ ಕಲಿತೆ ಪುಟ್ಟಿ? ಅರ್ಥ ಮಾಡ್ಕೊಂಡಾ?"

ಪಾವನಾಳಿಗೆ ಸ್ಲೇಟು ನೆನಪಾಯಿತು. ನಾಲ್ಕು ವರ್ಷದವಳಿದ್ದಾಗ ಅಮ್ಮ ಸ್ಲೇಟಿನ ಮೇಲೆ ದೊಡ್ಡದಾಗಿ 'ಅ' ಬರೆದು, ಅದರ ಮೇಲೇ ಬಳಪ ಆಡಿಸಲು ಹೇಳಿದ್ದಳು. ಗೆರೆ ದಪ್ಪಗಾಗಿ, ಬಳಪ ಸವೆದು, ಕೊನೆಗೊಂದು ದಿನ ಕೈ ತಾನಾಗಿ ಬರೆದಿತ್ತು.

"ತಿದ್ದಿ ತಿದ್ದಿ ಕಲಿತೆ. ಗಣಿತಾನೂ ಹಾಗೇ. ತಲೆ ಮರೆಯುತ್ತೆ, ಕೈ ಮರೆಯಲ್ಲ."

ಮೇಜಿನ ಮೇಲೆ ಒಂದು ಕಟ್ಟು ಜೆರಾಕ್ಸ್ ಹಾಳೆಗಳಿದ್ದವು. ಮಸಿ ಎಷ್ಟು ತೆಳುವೆಂದರೆ, ಗೋಡೆಯ ಮೇಲಿನ ಹಳೆಯ ಸೀಳಿನಂತೆ ಬೂದಿಬಣ್ಣದಲ್ಲಿ ಮಾತ್ರ ಕಾಣುತ್ತಿತ್ತು. ಯಾರೋ ಬಿಡಿಸಿದ ಲೆಕ್ಕಗಳು, ಒಂದರ ಹಿಂದೆ ಒಂದು, ನಲವತ್ತೇಳು ಪುಟ. ಎಲ್ಲೂ ಒಂದು ಕಾಟು ಹೊಡೆದದ್ದಿಲ್ಲ. ಏಳು ಎಂಬ ಅಂಕಿಯ ನಡುವೆ ಅಡ್ಡಗೆರೆ. ಸಮ ಚಿಹ್ನೆಯ ಕೆಳಗಿನ ಗೆರೆ ಮೇಲಿನದಕ್ಕಿಂತ ತುಸು ಉದ್ದ. ಪ್ರತಿ ಲೆಕ್ಕ ಶುರುವಾಗುವ ಮುಂಚೆ ಎಡಮೂಲೆಯಲ್ಲಿ ಒಂದು ಚುಕ್ಕೆ, ಉತ್ತರದ ಕೆಳಗೆ ಎರಡು ಚುಕ್ಕೆ.

"ನನ್ನ ಮಗ ಸ್ಕಂದ. ಹೀಗೇ ಬರೀತಾನೆ," ಎಂದರು ಟೀಚರ್. "ಚುಕ್ಕೆ ಸಮೇತ ತಿದ್ದು. ಏನನ್ನೂ ಬಿಡಬೇಡ."

ಅವಳು ಕೂತ ಕುರ್ಚಿ ಯಾರೋ ಎತ್ತರದವರಿಗೆಂದು ಮಾಡಿಸಿದ್ದು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮೇಜಿನ ಅಂಚಿನಲ್ಲಿ, ಬಲಗೈ ಮಣಿಕಟ್ಟು ಊರುವಲ್ಲಿ, ಮರ ನುಣ್ಣಗೆ ಸವೆದು ತಗ್ಗಾಗಿತ್ತು. ಪಾವನಾಳ ಮಣಿಕಟ್ಟು ಅದರಲ್ಲಿ ಸರಿಯಾಗಿ ಕೂತಿತು.

ದಿನವೂ ಮಧ್ಯಾಹ್ನ ಎರಡರಿಂದ ಐದರವರೆಗೆ ತಿದ್ದುವುದು. ಕಿಟಕಿಯಾಚೆ ಹಲಸಿನ ಮರದ ಎಲೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಟೀಚರ್ ಪಕ್ಕದಲ್ಲಿ ಕೂತು, ಮಾತಾಡದೆ, ಅವಳ ಪೆನ್ನಿನ ತುದಿಯನ್ನೇ ನೋಡುತ್ತಿದ್ದರು. ಗೆರೆ ಎಳ್ಳಷ್ಟು ಆಚೀಚೆ ಸರಿದರೆ "ಊಂ ಹೂಂ" ಎನ್ನುತ್ತಿದ್ದರು, ಅಷ್ಟೇ. ನಲವತ್ತೇಳು ಪುಟ ಮುಗಿದರೆ ಹೊಸ ಜೆರಾಕ್ಸ್, ಮತ್ತೆ ಮೊದಲಿನಿಂದ.

ಕೊನೆಯ ಪುಟ ಮಾತ್ರ ಅರ್ಧಕ್ಕೇ ನಿಂತಿತ್ತು. ತಲೆಕೆಳಗಾದ ಶಂಕುವಿನ ಚಿತ್ರ, ಬದಿಯಲ್ಲಿ ಎರಡು, ಆರು, ನಾಲ್ಕು ಎಂಬ ಅಳತೆಗಳು, ಶಂಕುವಿನೊಳಗೆ ನೀರಿನ ಮಟ್ಟಕ್ಕೆ ಒಂದು ಅಡ್ಡಗೆರೆ, ಕೆಳಗೆ ತ್ರಿಜ್ಯವನ್ನು ಸೂಚಿಸುವ ಅಕ್ಷರ, ಆಮೇಲೆ ಸಮ ಚಿಹ್ನೆ. ಅದರಾಚೆಗೆ ಏನೂ ಇಲ್ಲ.

"ಇದು?" ಎಂದು ಮೊದಲ ದಿನ ಕೇಳಿದ್ದಳು.

"ಅಲ್ಲಿಗೆ ನಿಲ್ಲಿಸು. ಸಾಯಂಕಾಲ ಬಂದು ಮುಗಿಸ್ತೀನಿ ಅಂದಿದ್ದಾನೆ."

ಆ ದಿನ ಮನೆಗೆ ಹಿಂದಿರುಗುವಾಗ ಸ್ಕೂಟರಿನ ಹಿಂದೆ ಕೂತು ಪಾವನಾ ಕೇಳಿದಳು, "ಅಪ್ಪಾ, ಟೀಚರ್ಸ್ ಸನ್ ಎಲ್ಲಿರ್ತಾನೆ?"

ಧರಣೇಂದ್ರ ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದರು. ಹನ್ನೊಂದು ವರ್ಷದ ಹಿಂದೆ, ಸ್ಕಂದ ಇಂಥದೇ ಒಂದು ಕಾಲೇಜಿನ ಪರೀಕ್ಷೆಗೆ ತಯಾರಾಗುತ್ತಿದ್ದ. ಪರೀಕ್ಷೆಗೆ ಒಂದು ವಾರ ಇರುವಾಗ, ಬೆಳಿಗ್ಗೆ, ಗೆಳೆಯರ ಜೊತೆ ವಿಳಿಂಜಂ ಕಡಲತೀರಕ್ಕೆ ಹೋದ. ಬಂಡೆಯ ಮೇಲೆ ನಿಂತಿದ್ದನಂತೆ. ಅಲೆ ಬಂತು. ಮೀನುಗಾರರು ನಾಲ್ಕು ದಿನ ಹುಡುಕಿದರು. ಸಿಗಲಿಲ್ಲ.

"ಪಾಪ, ಅವರು ಹಂಗೇ ಮಾತಾಡ್ತಾರೆ. ನೀನು ಏನೂ ಕೇಳ್ಬೇಡ. ಲೆಕ್ಕ ಕಲಿ, ಸಾಕು."

ನಾಲ್ಕನೆಯ ವಾರದಲ್ಲಿ ಪಾವನಾಳ ಅಮ್ಮ ಸುಮಿತ್ರ, ಅಡುಗೆಮನೆಯಿಂದ ಒಂದು ಚೀಟಿ ಹಿಡಿದುಕೊಂಡು ಬಂದಳು. "ಇದನ್ಯಾರೇ ಬರೆದಿದ್ದು?"

ಅಂಗಡಿಗೆ ಕೊಡಲು ಪಾವನಾಳೇ ಬರೆದಿದ್ದ ಸಾಮಾನಿನ ಚೀಟಿ. ಎಡಮೂಲೆಯಲ್ಲಿ ಚುಕ್ಕೆ. ಏಳು ಬಾಳೆಹಣ್ಣು ಎಂಬಲ್ಲಿ ಏಳರ ನಡುವೆ ಅಡ್ಡಗೆರೆ. ಕೊನೆಯಲ್ಲಿ ಎರಡು ಚುಕ್ಕೆ.

"ಞಾನ್ ತನ್ನೆ," ನಾನೇ, ಎಂದು ಮಲಯಾಳದಲ್ಲಿ ಹೇಳಿದಳು ಪಾವನಾ.

"ನಿನ್ನ ಕಾಗೆಕಾಲು ಗುಬ್ಬಿಕಾಲು ನಂಗೊತ್ತಿಲ್ವಾ? ಇದು ಯಾವುದೋ ಗಂಡುಹುಡುಗನ ಅಕ್ಷರ ಇದ್ದ ಹಾಗಿದೆ."

ಪಾವನಾ ನಕ್ಕಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಒಂದು ಹಾಳೆಯಲ್ಲಿ ಅಡ್ಡಗೆರೆಯಿಲ್ಲದ ಏಳನ್ನು ಬರೆಯಲು ಕೂತಳು. ಬರೆದಳು. ಪೆನ್ನು ಎತ್ತುವ ಮೊದಲೇ ಕೈ ಹಿಂದಕ್ಕೆ ಹೋಗಿ ಗೆರೆ ಎಳೆಯಿತು. ಹದಿನಾಲ್ಕು ಸಲ ಪ್ರಯತ್ನಿಸಿದಳು. ಹದಿನಾಲ್ಕು ಸಲವೂ ಎಳೆಯಿತು.

ಮರುದಿನ ಟೀಚರ್ ಅವಳನ್ನೇ ಜೆರಾಕ್ಸಿಗೆ ಕಳಿಸಿದರು. ಇಂಜಿನಿಯರಿಂಗ್ ಕಾಲೇಜಿನ ಎದುರಿನ ಅಂಗಡಿ. ಮೂವತ್ತರೊಳಗಿನ ಅಂಗಡಿಯವನು ಕಟ್ಟನ್ನು ನೋಡಿದ ಕೂಡಲೇ, ಏನೂ ಕೇಳದೆ, ಯಂತ್ರದಲ್ಲಿ ಮಸಿಯ ಪ್ರಮಾಣವನ್ನು ತೀರ ಕೆಳಕ್ಕೆ ಇಳಿಸಿದ. ಮುಗಿದ ಮೇಲೆ ಹೊದಿಕೆಯ ಹಾಳೆಯಲ್ಲಿ ಪುಟಸಂಖ್ಯೆ ಬರೆದ. ನಲವತ್ತೇಳು. ಏಳರ ನಡುವೆ ಅಡ್ಡಗೆರೆ. ಎಡಮೂಲೆಯಲ್ಲಿ ಚುಕ್ಕೆ.

ಪಾವನಾ ಅವನ ಕೈಯನ್ನೇ ನೋಡಿದಳು. "ಚೇಟ್ಟಾ, ನೀವೂ ಟೀಚರ್ ಹತ್ತಿರ ಕಲಿತವರಾ?" ಎಂದು ಮಲಯಾಳದಲ್ಲಿ ಕೇಳಿದಳು.

"ಎರಡು ತಿಂಗಳು. ಎಂಟು ವರ್ಷ ಆಯ್ತು." ಅವನು ಕೈಯನ್ನು ಕೌಂಟರಿನ ಕೆಳಗೆ ಇಳಿಸಿದ. "ಪೋವಿಲ್ಲ ಮೋಳೇ." ಅದು ಹೋಗುವುದಿಲ್ಲ ಮಗಳೇ.

ಅವಳು ನಿಲ್ಲಿಸಬಹುದಿತ್ತು. ಆದರೆ ಪರೀಕ್ಷೆಗೆ ಹತ್ತೇ ದಿನ ಇತ್ತು. ಮನೆಯಲ್ಲಿ ಅಪ್ಪ ಹಳೆಯ ಪ್ರಶ್ನೆಗಳನ್ನು ಕೊಟ್ಟು ಗಡಿಯಾರ ಹಿಡಿದು ಕೂತರೆ, ಕೈ ಒಂದನ್ನೂ ತಪ್ಪಿಸುತ್ತಿರಲಿಲ್ಲ. ಧರಣೇಂದ್ರ ಬೀಗುತ್ತಿದ್ದರು. ಖಗೋಳಶಾಸ್ತ್ರದ ಪೇಪರು ಕೈಗೆಟಕುವ ಹತ್ತಿರದಲ್ಲಿತ್ತು. ಪಾವನಾ ತಿದ್ದುತ್ತಾ ಹೋದಳು.

ಪರೀಕ್ಷೆಯ ದಿನ ಬೆಳಗಿನ ರೈಲಿನಲ್ಲಿ ಅಪ್ಪ ಮಗಳು ಕೊಚ್ಚಿಯ ಎರ್ನಾಕುಲಂಗೆ ಹೋದರು. ಹನ್ನೊಂದೂವರೆಗೆ ಪರೀಕ್ಷೆ, ಎರಡು ಗಂಟೆ, ಮೂವತ್ತು ಪ್ರಶ್ನೆ. ಐವತ್ತು ಜನರಷ್ಟೇ ಇದ್ದುದರಿಂದ ನಾಲ್ಕು ಗಂಟೆಗೆ ಪಟ್ಟಿ ಹಾಕುತ್ತೇವೆ ಎಂದಿದ್ದರು. ಅವಳಿಗೆ ಸಿಕ್ಕಿದ್ದು ಕಿಟಕಿ ಪಕ್ಕದ ಜಾಗ. ಹೊರಗೆ ಹಿನ್ನೀರು, ನೀರಿನ ಮೇಲೆ ಕಣ್ಣು ಕುಕ್ಕುವ ಬಿಸಿಲು.

ಪ್ರಶ್ನೆಪತ್ರಿಕೆ ಬಂತು. ಎಡಮೂಲೆಯಲ್ಲಿ ಚುಕ್ಕೆ ಬಿತ್ತು. ಅವಳು ಮೊದಲ ಪ್ರಶ್ನೆಯನ್ನು ಓದಿ ಮುಗಿಸುವ ಹೊತ್ತಿಗೆ ಕೈ ಮೂರನೆಯ ಸಾಲಿನಲ್ಲಿತ್ತು.

ಎರಡನೆಯದು. ಮೂರನೆಯದು. ಪೆನ್ನು ಒಮ್ಮೆಯೂ ತಡವರಿಸಲಿಲ್ಲ. ಪಾವನಾ ತಲೆಯೆತ್ತಿ ಹೊರಗೆ ನೋಡಿದಳು. ನೀರಿನ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಎಣಿಸಿದಳು, ಆರು. ತಗ್ಗಿ ನೋಡಿದರೆ ಪುಟ ತಿರುಗಿತ್ತು, ಒಂಬತ್ತನೆಯ ಪ್ರಶ್ನೆಯ ಉತ್ತರದ ಕೆಳಗೆ ಎರಡು ಚುಕ್ಕೆಗಳಿದ್ದವು. ಅವಳು ಪೆನ್ನು ಬಿಡಲು ನೋಡಿದಳು. ಬೆರಳು ಸಡಿಲಾಗಲಿಲ್ಲ. ನೋವಿರಲಿಲ್ಲ. ಯಾರೋ ಮೆಲ್ಲಗೆ, ಕಲಿಸುವವರ ಹಾಗೆ, ಹೊರಗಿನಿಂದ ಹಿಡಿದುಕೊಂಡಂತೆ ಇತ್ತು. ಹದಿನೇಳನೆಯ ಲೆಕ್ಕದ ನಡುವೆ ಕೈ ಒಂದು ಸಾಲು ಬರೆಯಿತು. ಅದು ಎಲ್ಲಿಂದ ಬಂತು, ಯಾಕೆ ಬಂತು ಎಂದು ಅವಳಿಗೆ ತಿಳಿಯಲಿಲ್ಲ. ಉತ್ತರ ಸರಿಯಾಗಿಯೇ ಬಂತು.

ಒಂದು ಗಂಟೆಯೊಳಗೆ ಇಪ್ಪತ್ತೊಂಬತ್ತು ಮುಗಿದವು.

ಮೂವತ್ತನೆಯದನ್ನು ಅವಳು ಕೈಗಿಂತ ಮೊದಲೇ ಓದಿದಳು. ತಲೆಕೆಳಗಾದ ಶಂಕುವಿನ ಆಕಾರದ ತೊಟ್ಟಿ. ಮೇಲಿನ ತ್ರಿಜ್ಯ ಎರಡು ಮೀಟರ್, ಆಳ ಆರು ಮೀಟರ್. ನಿಮಿಷಕ್ಕೆ ಎರಡು ಘನ ಮೀಟರಿನಂತೆ ನೀರು ತುಂಬುತ್ತಿದೆ. ನೀರು ನಾಲ್ಕು ಮೀಟರ್ ಆಳವಿರುವಾಗ ಮಟ್ಟ ಎಷ್ಟು ವೇಗವಾಗಿ ಏರುತ್ತಿದೆ?

ಅಂಕಿಗಳೂ ಅವೇ.

ಕೈ ಚುಕ್ಕೆ ಇಟ್ಟಿತು. ಶಂಕು ಬರೆಯಿತು. ನೀರಿನ ಗೆರೆ ಎಳೆಯಿತು. ತ್ರಿಜ್ಯದ ಅಕ್ಷರ, ಸಮ ಚಿಹ್ನೆ, ಕೆಳಗಿನ ಗೆರೆ ತುಸು ಉದ್ದ.

ನಿಂತಿತು.

ಪೆನ್ನು ಜಾರಿ ಡೆಸ್ಕಿನ ಮೇಲೆ ಬಿತ್ತು. ಪಾವನಾ ಅಂಗೈ ತಿರುಗಿಸಿ ನೋಡಿಕೊಂಡಳು. ಐದೂ ಬೆರಳ ತುದಿ ಬಿಳುಚಿ ಸುಕ್ಕುಗಟ್ಟಿದ್ದವು, ಬಹಳ ಹೊತ್ತು ನೀರಿನಲ್ಲಿ ಇದ್ದವರ ಹಾಗೆ. ಅವಳು ಅದನ್ನು ಚೂಡಿದಾರಿಗೆ ಒರೆಸಿದಳು. ಬಟ್ಟೆ ಒದ್ದೆಯಾಯಿತು. ಬೆವರು ಎಂದುಕೊಂಡಳು.

ಈಗ ಕೈ ಅವಳದೇ. ಅಂದರೆ ಏನೂ ಗೊತ್ತಿಲ್ಲದ ಕೈ.

ಪೆನ್ನು ಎತ್ತಿಕೊಂಡು ಸಮ ಚಿಹ್ನೆಯ ಮುಂದೆ ಎರಡು ಎಂದು ಬರೆದಳು. ತನ್ನ ಹಳೆಯ, ಹೊಟ್ಟೆ ಉಬ್ಬಿದ ಎರಡು. ಲೆಕ್ಕ ಮಾಡಿದಳು, ಉತ್ತರ ಬಂತು. ನೋಡಿದಳು. ಎಲ್ಲೋ ಸರಿಯಿಲ್ಲ. ನಾಲ್ಕು ಮೀಟರ್ ಎಂಬುದನ್ನು ಅವಳು ಎಲ್ಲೂ ಬಳಸಿರಲಿಲ್ಲ. ಹಾಗಿದ್ದರೆ ಅದನ್ನು ಯಾಕೆ ಕೊಟ್ಟರು? ಅರ್ಧ ಗಂಟೆಗೂ ಹೆಚ್ಚು ಹೊತ್ತು ಚಿತ್ರವನ್ನೇ ನೋಡುತ್ತಾ ಕೂತಳು. ಶಂಕುವಿನೊಳಗೆ ನೀರು ಏರುವುದನ್ನು ಕಣ್ಣಮುಂದೆ ತಂದುಕೊಂಡಳು. ಏರಿದಂತೆ ನೀರಿನ ಮೈ ಅಗಲವಾಗುತ್ತಿತ್ತು. ಎರಡು ಮೀಟರ್ ಇರುವುದು ತೊಟ್ಟಿಯ ಬಾಯಿ. ನೀರಿನ ತ್ರಿಜ್ಯ ಒಂದೇ ಕಡೆ ನಿಲ್ಲುವುದಿಲ್ಲ, ಯಾವಾಗಲೂ ಆಳದ ಮೂರನೇ ಒಂದು ಭಾಗ.

ಬರೆದದ್ದನ್ನು ಕಾಟು ಹೊಡೆದಳು. ಕೆಳಗೆ ಮತ್ತೆ ಶುರುಮಾಡಿದಳು. ಗಂಟೆ ಹೊಡೆಯುವಾಗ ಉತ್ತರ ಬರೆಯುತ್ತಿದ್ದಳು: ಎಂಟು ಪೈಯಿಂದ ಭಾಗಿಸಿದ ಒಂಬತ್ತು. ಅದರ ಕೆಳಗೆ ಚುಕ್ಕೆ ಇಡಲಿಲ್ಲ.

ನಾಲ್ಕು ಗಂಟೆಗೆ ಹಾಕಿದ ಪಟ್ಟಿಯಲ್ಲಿ ಅವಳ ಹೆಸರು ಎರಡು ಕಡೆಯೂ ಇರಲಿಲ್ಲ. ಗಣಿತ ವಿಭಾಗದ ಮುಖ್ಯಸ್ಥೆ ಅನ್ನಮ್ಮ ಮಿಸ್ ಕರೆದಿದ್ದಾರೆ ಎಂದು ಅಟೆಂಡರ್ ಬಂದು ಹೇಳಿದ.

ಅನ್ನಮ್ಮ ಮಿಸ್ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಿದ್ದರು. ಕೋಪವಿರಲಿಲ್ಲ, ಕುತೂಹಲವಿತ್ತು. ಇಂಗ್ಲಿಷಿನಲ್ಲೇ ಮಾತಾಡಿದರು. "ಇಪ್ಪತ್ತೊಂಬತ್ತು ಲೆಕ್ಕ ಒಂದು ಕೈ. ಮೂವತ್ತನೆಯದು, ಅದೂ ಅರ್ಧದಿಂದ ಮುಂದೆ, ಬೇರೆ ಕೈ. ನೀನು ಜಾಗ ಬಿಟ್ಟು ಎದ್ದೇ ಇಲ್ಲ ಅಂತ ಪರೀಕ್ಷೆಯ ಹಾಲ್‌ನಲ್ಲಿದ್ದವರು ಹೇಳ್ತಾರೆ. ಕ್ಯಾಮೆರಾದಲ್ಲೂ ನೋಡಿದೆ."

"ನಾನೇ ಬರೆದದ್ದು ಮಿಸ್."

"ಹದಿನೇಳರಲ್ಲಿ ಈ ಸಾಲು ಯಾಕೆ ಬಂತು?"

ಪಾವನಾ ನೋಡಿದಳು. ನೋಡುತ್ತಲೇ ಇದ್ದಳು. "ಗೊತ್ತಿಲ್ಲ."

"ಹಾಗಾದರೆ ಯಾರಿಗೆ ಗೊತ್ತು?"

ಮಿಸ್ ಕೊನೆಯ ಪುಟ ತಿರುವಿ, ಕಾಟು ಹೊಡೆದ ಸಾಲಿನ ಮೇಲೆ ಬೆರಳಿಟ್ಟರು. "ಇಲ್ಲಿ ಮಾತ್ರ ಒಬ್ಬಳು ವಿದ್ಯಾರ್ಥಿನಿ ಕಾಣ್ತಾಳೆ. ತಪ್ಪು ಮಾಡಿದಳು, ತಾನೇ ಹಿಡಿದಳು. ಅಂಕ ನೋಡಿದರೆ ನಿನಗೆ ಮೇಲಿನ ತರಗತಿ. ನಾನು ತಡೆಯೋಕಾಗಲ್ಲ. ಆದರೆ ಅಲ್ಲಿ ಹೋಗಿ ಕೂರೋದು ಆ ಇಪ್ಪತ್ತೊಂಬತ್ತನ್ನ ಬರೆದ ಕೈ. ನಾಲ್ಕು ವರ್ಷವೂ ಅದೇ ಬರೀಬೇಕಾಗುತ್ತೆ. ನೀನೇ ಹೇಳು."

ಖಗೋಳಶಾಸ್ತ್ರ, ಎಂದುಕೊಂಡಳು ಪಾವನಾ. 'ಮೇಲಿನದೇ' ಎನ್ನಲು ಬಾಯಿ ತೆರೆದವಳು ಮೇಜಿನ ಮೇಲಿದ್ದ ಖಾಲಿ ಹಾಳೆಯನ್ನು ಕಂಡಳು. ಆಯ್ಕೆಯನ್ನು ಬರೆದುಕೊಡಲೆಂದು ಮಿಸ್ ಕೊಟ್ಟಿದ್ದ ಪೆನ್ನು ಅವಳ ಬಲಗೈಯಲ್ಲಿತ್ತು. ಹಾಳೆಯ ಎಡಮೂಲೆಯಲ್ಲಿ ಒಂದು ಚುಕ್ಕೆ ಇತ್ತು. ಕೈ ಕಾಯುತ್ತಿತ್ತು.

ಅವಳು ಅದರ ಮೇಲೆ ಎಡಗೈಯನ್ನು ಒತ್ತಿ ಹಿಡಿದಳು.

"ಬ್ರಿಡ್ಜ್, ಮಿಸ್."

ವಾಪಸಿನ ರೈಲು ಕೊಲ್ಲಂ ದಾಟಿದ ಮೇಲೆ ಧರಣೇಂದ್ರರಿಗೆ ತಡೆಯಲಾಗಲಿಲ್ಲ. "ಇಪ್ಪತ್ತೊಂಬತ್ತು ಸರಿಯಿದ್ದೂ ಬ್ರಿಡ್ಜಾ? ಇದ್ಯಾವ ಲೆಕ್ಕ ಪಾವನಾ?"

"ನಂಗೆ ಬಂದಿದ್ದು ಒಂದೇ ಅಪ್ಪಾ," ಎಂದಳು ಅವಳು ಕನ್ನಡದಲ್ಲಿ. ಇಡೀ ವಾಕ್ಯವನ್ನು ಕನ್ನಡದಲ್ಲಿ ಹೇಳಿ ಎಷ್ಟು ದಿನವಾಗಿತ್ತೋ. ಧರಣೇಂದ್ರ ಮಗಳ ಮುಖ ನೋಡಿ, ಕಿಟಕಿಯ ಕಡೆ ತಿರುಗಿದರು.

ಹಾಸ್ಟೆಲಿಗೆ ಹೊರಡುವ ಮುನ್ನ ಟೀಚರಿಗೆ ಹೇಳಿ ಬರದಿದ್ದರೆ ಸರಿಯಾಗುವುದಿಲ್ಲ ಎಂದು ಸುಮಿತ್ರ ಬಾಳೆಹಣ್ಣಿನ ಹಲ್ವ ಕಟ್ಟಿಕೊಟ್ಟಳು. ಪಾವನಾ ಒಬ್ಬಳೇ ಬಸ್ಸಿನಲ್ಲಿ ಹೋದಳು. ಮಧ್ಯಾಹ್ನ ಎರಡು ಗಂಟೆ. ಟೀಚರ್ ಅದೇ ಮೇಜಿನ ಮುಂದೆ ಕೂತಿದ್ದರು. ಎದುರಿಗೆ ಜೆರಾಕ್ಸ್ ಅಲ್ಲ, ಮೂಲ ನೋಟ್‌ಬುಕ್. ರಟ್ಟಿನ ಹೊದಿಕೆ ಹಳದಿಗಟ್ಟಿತ್ತು. ಕೊನೆಯ ಪುಟ ತೆರೆದಿತ್ತು.

ಯಾವ ತರಗತಿ ಎಂದು ಅವರು ಕೇಳಲಿಲ್ಲ.

"ಆ ಲೆಕ್ಕ ಬಂದಿತ್ತಾ?"

"ಬಂದಿತ್ತು ಟೀಚರ್."

"ಮುಂದೆ ಏನು ಬರೆದ?" ಟೀಚರ್ ಮೊದಲ ಸಲ ಕೈಯನ್ನು ಬಿಟ್ಟು ಅವಳ ಮುಖವನ್ನು ನೋಡಿದರು. "ಹನ್ನೊಂದು ವರ್ಷದಿಂದ ಕೇಳ್ತಾ ಇದ್ದೀನಿ. ಬೇರೆ ಯಾರ ಪರೀಕ್ಷೆಯಲ್ಲೂ ಅದು ಬಂದಿರಲಿಲ್ಲ. ಹೇಳು ಪುಟ್ಟಿ. ಏನು ಬರೆದ?"

ಸುಳ್ಳು ಹೇಳುವುದು ಸುಲಭವಿತ್ತು. ಪೆನ್ನು ಕೈಗೆತ್ತಿಕೊಂಡು, ಬೇಕೆಂದೇ ಆ ಅಕ್ಷರದಲ್ಲಿ ನಾಲ್ಕು ಸಾಲು ಬರೆದುಬಿಟ್ಟರೆ ಸಾಕು. ಆದರೆ ಇನ್ನೊಮ್ಮೆ ಆ ಕೈಗೆ ದಾರಿ ಬಿಟ್ಟರೆ ಅದು ಹಿಂದಿರುಗಿ ಹೋಗುತ್ತದೆಯೇ ಎನ್ನುವುದು ಅವಳಿಗೆ ಖಚಿತವಿರಲಿಲ್ಲ.

"ಏನೂ ಬರೀಲಿಲ್ಲ ಟೀಚರ್. ಸಮ ಚಿಹ್ನೆಗೆ ನಿಂತ. ಮುಂದಿನದು ನಾನು ಮಾಡಿದೆ."

ಟೀಚರ್ ನೋಟ್‌ಬುಕ್ಕನ್ನು ಅವಳ ಕಡೆಗೆ ತಿರುಗಿಸಿ, ಪೆನ್ಸಿಲ್ ಕೊಟ್ಟರು. "ಮಾಡಿ ತೋರಿಸು."

ಪಾವನಾ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ, ಬಗ್ಗಿ, ಮಣಿಕಟ್ಟು ಆ ತಗ್ಗಿಗೆ ತಾಗದಂತೆ ಎಚ್ಚರದಿಂದ ಬರೆದಳು. ಸಮ ಚಿಹ್ನೆಯ ಮುಂದೆ ಹೊಟ್ಟೆ ಉಬ್ಬಿದ ಎರಡು. ಪರೀಕ್ಷೆಯಲ್ಲಿ ನಡೆದದ್ದನ್ನು ಹಾಗೇ ತೋರಿಸಬೇಕು ಎನ್ನಿಸಿ, ತಪ್ಪನ್ನೂ ಬರೆದಳು. ಕಾಟು ಹೊಡೆದಳು. ಕೆಳಗೆ ಸರಿಯಾದದ್ದನ್ನು ಬರೆದು ಪೆನ್ಸಿಲ್ ಕೆಳಗಿಟ್ಟಳು. ಮೈ ಹಗುರವಾಯಿತು.

ಟೀಚರ್ ಒಂದೊಂದೇ ಸಾಲನ್ನು ಬೆರಳಿನಿಂದ ಮುಟ್ಟುತ್ತಾ ಓದಿದರು.

"ಸರಿಯಾಗಿದೆ. ಮುಗೀತು," ಎಂದರು. ಅವರ ದನಿಯಲ್ಲಿ ಅಳು ಇರಲಿಲ್ಲ. "ಇನ್ನು ನಲವತ್ತೇಳು ಪುಟವೂ ಪೂರ್ತಿ."

"ನಾನು ಬರ್ತೀನಿ ಟೀಚರ್."

"ಒಂದು ನಿಮಿಷ ಕೂತ್ಕೋ. ಸೋಮವಾರದಿಂದ ಇನ್ನೊಬ್ಬಳು ಬರ್ತಾಳೆ. ಅಷ್ಟರಲ್ಲಿ ನಾನು ಇದನ್ನ ಕಲೀಬೇಕು."

ಅವರು ಮೇಜಿನ ಖಾನೆಯಿಂದ ಬೆಣ್ಣೆಕಾಗದದಂಥ ಪಾರದರ್ಶಕ ಹಾಳೆ ತೆಗೆದು ಪಾವನಾ ಬರೆದದ್ದರ ಮೇಲೆ ಹಾಸಿದರು. ಕನ್ನಡಕ ಸರಿಮಾಡಿಕೊಂಡು, ಪೆನ್ಸಿಲಿನಿಂದ, ನಿಧಾನವಾಗಿ, ಆ ಹೊಟ್ಟೆ ಉಬ್ಬಿದ ಎರಡನ್ನು ತಿದ್ದತೊಡಗಿದರು. ಕಾಟು ಹೊಡೆದ ಗೆರೆಯನ್ನೂ ಬಿಡಲಿಲ್ಲ.

ಪಾವನಾ ಬಾಗಿಲ ಬಳಿಯ ಸ್ಟೂಲಿನ ತುದಿಯಲ್ಲಿ ಕೂತಿದ್ದಳು. ಅವಳ ಬಲಗೈ ಮಡಿಲಲ್ಲಿ ಬೋರಲಾಗಿತ್ತು, ಕೈಯಲ್ಲಿ ಏನೂ ಇರಲಿಲ್ಲ. ಟೀಚರ ಪೆನ್ಸಿಲ್ ಒಂದೊಂದು ಗೆರೆ ಎಳೆದಂತೆ, ಅವಳ ತೋರುಬೆರಳು ಚೂಡಿದಾರಿನ ಮೇಲೆ ಅದೇ ಗೆರೆ ಎಳೆಯುತ್ತಿತ್ತು.